ಹ್ಯೂ ಮಿಲ್ಲರ್ (1802–1856): ಹಳೆಯ ಕೆಂಪು ಮರಳುಗಲ್ಲಿನ ಮೀನುಗಳನ್ನು ಬೆಳಕಿಗೆ ತಂದ ಕಲ್ಲುಕುಟಿಗ

ಸಂಕ್ಷಿಪ್ತ ಪರಿಚಯ

ಜನನ: 10 ಅಕ್ಟೋಬರ್ 1802, ಕ್ರೊಮಾರ್ಟಿ, ಸ್ಕಾಟ್ಲೆಂಡ್
ನಿಧನ: 24 ಡಿಸೆಂಬರ್ 1856, ಪೋರ್ಟೊಬೆಲ್ಲೊ, ಎಡಿನ್‌ಬರ್ಗ್
ವೃತ್ತಿ: ಕಲ್ಲುಕುಟಿಗ, ಬ್ಯಾಂಕ್ ಲೆಕ್ಕಿಗ, ಪತ್ರಿಕಾ ಸಂಪಾದಕ
ಕ್ಷೇತ್ರ: ಭೂವಿಜ್ಞಾನ, ಪಳೆಯುಳಿಕೆಗಳ ಅಧ್ಯಯನ
ಪ್ರಮುಖ ಕೃತಿಗಳು: ದಿ ಓಲ್ಡ್ ರೆಡ್ ಸ್ಯಾಂಡ್‌ಸ್ಟೋನ್ (1841), ಫುಟ್‌ಪ್ರಿಂಟ್ಸ್ ಆಫ್ ದಿ ಕ್ರಿಯೇಟರ್ (1849), ಮೈ ಸ್ಕೂಲ್ಸ್ ಅಂಡ್ ಸ್ಕೂಲ್‌ಮಾಸ್ಟರ್ಸ್ (1854), ದಿ ಟೆಸ್ಟಿಮನಿ ಆಫ್ ದಿ ರಾಕ್ಸ್ (1857)

ಪೀಠಿಕೆ

ಭೂವಿಜ್ಞಾನದ ಬೆಳವಣಿಗೆಯಲ್ಲಿ ವಿಶ್ವವಿದ್ಯಾನಿಲಯಗಳ ಪ್ರಾಧ್ಯಾಪಕರಷ್ಟೇ ಅಲ್ಲದೆ, ಕಲ್ಲಿನ ಗಣಿಗಳಲ್ಲಿ ಕೂಲಿಗಾಗಿ ದುಡಿದ ಸಾಮಾನ್ಯ ಕೆಲಸಗಾರರೂ ಮಹತ್ವದ ಪಾತ್ರ ವಹಿಸಿದ್ದಾರೆ. ಅಂತಹವರಲ್ಲಿ ಸ್ಕಾಟ್ಲೆಂಡ್ ದೇಶದ ಹ್ಯೂ ಮಿಲ್ಲರ್‌ರವರು ಅಗ್ರಗಣ್ಯರು. ಉಳಿ ಮತ್ತು ಸುತ್ತಿಗೆ ಹಿಡಿದು ಹದಿನಾಲ್ಕು ವರ್ಷಗಳ ಕಾಲ ಕಲ್ಲು ಕೆಲಸದಲ್ಲಿ ತೊಡಗಿದ್ದ ಇವರು, ತಾವು ಕಡಿಯುತ್ತಿದ್ದ ಪದರ ಶಿಲೆಗಳನ್ನೇ ಪುಸ್ತಕದಂತೆ ಓದಿ, ಸುಮಾರು 38 ಕೋಟಿ ವರ್ಷಗಳಿಗೂ ಹಿಂದೆ ಬದುಕಿದ್ದ ವಿಚಿತ್ರ ಮೀನುಗಳನ್ನು ಜಗತ್ತಿಗೆ ಪರಿಚಯಿಸಿದರು. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನ ಹಾಗೂ ಸಾಧನೆಯನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಜನನ ಮತ್ತು ಬಾಲ್ಯ

ಸ್ಕಾಟ್ಲೆಂಡಿನ ಉತ್ತರ ಭಾಗದಲ್ಲಿ, ಸಮುದ್ರದ ಹಿನ್ನೀರಿನ ದಡದಲ್ಲಿರುವ ಕ್ರೊಮಾರ್ಟಿ ಎಂಬುದು ಚಿಕ್ಕ ಬಂದರು ಪಟ್ಟಣ. ಮಿಲ್ಲರ್‌ರವರು ಅಲ್ಲಿನ ಹುಲ್ಲು ಹೊದಿಕೆಯ ಮನೆಯೊಂದರಲ್ಲಿ 1802ರ ಅಕ್ಟೋಬರ್ 10ರಂದು ಜನಿಸಿದರು. ಅವರ ತಂದೆ ಸರಕು ಸಾಗಿಸುವ ಹಡಗಿನ ಒಡೆಯರಾಗಿದ್ದರು. 1807ರಲ್ಲಿ ಬೀಸಿದ ಬಿರುಗಾಳಿಯಲ್ಲಿ ಆ ಹಡಗು ಮುಳುಗಿ ತಂದೆಯವರು ಮರಳಿ ಬರಲಿಲ್ಲ. ಆಗ ಬಾಲಕನಿಗೆ ಐದು ವರ್ಷ ವಯಸ್ಸು. ತಾಯಿ ಹೊಲಿಗೆ ಕೆಲಸ ಮಾಡಿ ಸಂಸಾರ ನಡೆಸಬೇಕಾಯಿತು.

ತಾಯಿಯ ಸೋದರರಾದ ಜೇಮ್ಸ್ ಮತ್ತು ಸ್ಯಾಂಡಿ ಎಂಬ ಇಬ್ಬರು ಸೋದರಮಾವಂದಿರು ಬಾಲಕನ ಪಾಲನೆಯ ಹೊಣೆ ಹೊತ್ತರು. ಜೇಮ್ಸ್ ಕುದುರೆಯ ಜೀನು, ಲಗಾಮುಗಳನ್ನು ತಯಾರಿಸುವವರು. ಸ್ಯಾಂಡಿ ಬಂಡಿ ಕೆಲಸದ ಬಡಗಿ. ಇಬ್ಬರೂ ದುಡಿದು ಉಣ್ಣುವ ಜನರಾಗಿದ್ದರೂ ಓದುವ ಹವ್ಯಾಸವುಳ್ಳವರಾಗಿದ್ದರು. ಜೇಮ್ಸ್ ಸೀಮೆಯ ಹಳೆಯ ಕಥೆಗಳನ್ನೂ ಇತಿಹಾಸವನ್ನೂ ಹೇಳಿಕೊಟ್ಟರೆ, ಸ್ಯಾಂಡಿ ಸಮುದ್ರದ ನೀರು ಇಳಿದ ಹೊತ್ತಿನಲ್ಲಿ ಬಾಲಕನನ್ನು ದಡಕ್ಕೆ ಕರೆದೊಯ್ದು ಏಡಿ, ಚಿಪ್ಪು ಹಾಗೂ ಕಲ್ಲುಗಳ ಲಕ್ಷಣಗಳನ್ನು ತೋರಿಸುತ್ತಿದ್ದರು. ಮಿಲ್ಲರ್‌ರವರು ಮುಂದೆ ತಮ್ಮ ಆತ್ಮಕಥೆಯಲ್ಲಿ ಶಾಲೆಯ ಉಪಾಧ್ಯಾಯರಿಗಿಂತ ಈ ಇಬ್ಬರನ್ನೇ ತಮ್ಮ ನಿಜವಾದ ಗುರುಗಳೆಂದು ನೆನೆದಿದ್ದಾರೆ.

ಶಾಲಾ ಶಿಕ್ಷಣವು ಅವರಿಗೆ ಒಗ್ಗಲಿಲ್ಲ. ಉಪಾಧ್ಯಾಯರೊಡನೆ ನಡೆದ ಜಗಳವು ಕೈ ಕೈ ಮಿಲಾಯಿಸುವ ಹಂತ ತಲುಪಿದಾಗ ಅವರು ಶಾಲೆಯನ್ನೇ ಬಿಟ್ಟರು. ಮಗುವನ್ನು ಕಾಲೇಜಿಗೆ ಕಳುಹಿಸಬೇಕೆಂಬ ಸೋದರಮಾವಂದಿರ ಆಸೆ ಈಡೇರಲಿಲ್ಲ. ಚಳಿಗಾಲದಲ್ಲಿ ಕಟ್ಟಡದ ಕೆಲಸ ನಿಲ್ಲುವುದರಿಂದ ಓದಲು ಮತ್ತು ಬರೆಯಲು ಬಿಡುವು ದೊರೆಯುವುದೆಂದು ಎಣಿಸಿ, ಯುವಕ ಮಿಲ್ಲರ್ ಕಲ್ಲುಕುಟಿಗರ ವೃತ್ತಿಯನ್ನು ಆರಿಸಿಕೊಂಡರು.

ಕಲ್ಲಿನ ಗಣಿಯಲ್ಲಿ ಮೊದಲ ದಿನಗಳು

1820ರಲ್ಲಿ ಅವರು ಬಂಧುವೊಬ್ಬರ ಕೈಕೆಳಗೆ ಕೆಲಸ ಕಲಿಯಲು ಸೇರಿದರು. ಕ್ರೊಮಾರ್ಟಿಯ ಹಿನ್ನೀರಿನ ದಕ್ಷಿಣ ದಡದಲ್ಲಿದ್ದ ಕೆಂಪು ಮರಳುಗಲ್ಲಿನ ಗಣಿಯೇ ಅವರ ಮೊದಲ ಕಾರ್ಯಸ್ಥಳ. ಹಾರೆ ಮತ್ತು ಗುದ್ದಲಿಗಳಿಂದ ಮೇಲಿನ ಮಣ್ಣನ್ನು ತೆಗೆದು, ಸಿಡಿಮದ್ದಿನಿಂದ ಬಂಡೆಯನ್ನು ಒಡೆಯಲಾಗುತ್ತಿತ್ತು. ಕೈಗಳಲ್ಲಿ ಬೊಬ್ಬೆಗಳೆದ್ದರೂ ಆ ಕೆಲಸದ ಮೊದಲ ದಿನಗಳಲ್ಲಿಯೇ ಅವರ ಗಮನವನ್ನು ಸೆಳೆದ ಸಂಗತಿಯೊಂದಿತ್ತು.

ಒಡೆದು ತೆಗೆದ ದೊಡ್ಡ ಚಪ್ಪಡಿಯೊಂದರ ಮೇಲ್ಮೈಯು, ಅಲೆ ಹಿಂದೆ ಸರಿದ ಬಳಿಕ ಸಮುದ್ರ ದಡದ ಮರಳಿನಲ್ಲಿ ಕಾಣುವ ಗೆರೆಗಳಂತೆಯೇ ಏರಿಳಿತಗಳಿಂದ ಕೂಡಿತ್ತು. ಪ್ರತಿದಿನವೂ ದಡದಲ್ಲಿ ನೋಡುತ್ತಿದ್ದ ಗೆರೆಗಳು ಗಟ್ಟಿ ಬಂಡೆಯ ಒಡಲಿನಲ್ಲಿ, ನೆಲದ ಆಳದಲ್ಲಿ ಕಂಡವು. ಈ ಬಂಡೆಯು ಒಂದು ಕಾಲದಲ್ಲಿ ನೀರಿನ ಅಡಿಯ ಮರಳಾಗಿತ್ತು ಎಂಬುದನ್ನು ಅದು ತೋರಿಸಿತು. ಯಾವ ಪುಸ್ತಕದ ನೆರವೂ ಇಲ್ಲದೆ ಅವರು ಪಡೆದ ಭೂವಿಜ್ಞಾನದ ಮೊದಲ ಪಾಠವಿದು.

ಅನಂತರ ಸಮೀಪದ ಈತೀ ಎಂಬ ಕಡಲ ತೀರದಲ್ಲಿ ಸುರುಳಿಯಾಕಾರದ ಅಮೋನೈಟ್ ಚಿಪ್ಪುಗಳನ್ನು ಸಂಗ್ರಹಿಸಿದರು. ಅಲ್ಲಿನ ಬಂಡೆಗಳು ಜುರಾಸಿಕ್ ಕಾಲದವು. ಅಂದರೆ ಅವರ ಊರಿನ ಕೆಂಪು ಮರಳುಗಲ್ಲಿಗಿಂತ ಬಹಳ ಕಿರಿಯವು. ಎರಡೂ ಕಡೆಯ ಪದರಗಳನ್ನು ಹೋಲಿಸಿ, ಯಾವ ಪದರದ ಮೇಲೆ ಯಾವುದು ಕುಳಿತಿದೆ ಎಂಬುದನ್ನು ಗುರುತಿಸುವ ಅಭ್ಯಾಸವನ್ನು ಅವರು ಬೆಳೆಸಿಕೊಂಡರು.

ಕಲ್ಲಿನ ಧೂಳು ಮತ್ತು ಅನಾರೋಗ್ಯ

1824ರಲ್ಲಿ ಕೆಲಸವನ್ನರಸಿ ಎಡಿನ್‌ಬರ್ಗ್ ನಗರದ ಸಮೀಪಕ್ಕೆ ತೆರಳಿದ ಮಿಲ್ಲರ್‌ರವರು ಅಲ್ಲಿ ಬಂಗಲೆಯೊಂದರ ನಿರ್ಮಾಣದಲ್ಲಿ ದುಡಿದರು. ಮರಳುಗಲ್ಲನ್ನು ಕೆತ್ತುವಾಗ ಏಳುವ ನುಣ್ಣನೆಯ ಧೂಳು ಅವರ ಶ್ವಾಸಕೋಶವನ್ನು ಹೊಕ್ಕಿತು. ಎಡಿನ್‌ಬರ್ಗಿನ ಕಲ್ಲುಕುಟಿಗರಲ್ಲಿ ನಲವತ್ತನೆಯ ವರ್ಷವನ್ನು ಆರೋಗ್ಯದಿಂದ ದಾಟುವವರು ವಿರಳವೆಂಬುದನ್ನು ಅವರು ಮುಂದೆ ದಾಖಲಿಸಿದರು. ಇಂದು ಈ ಕಾಯಿಲೆಯನ್ನು ಸಿಲಿಕೋಸಿಸ್ ಎಂದು ಕರೆಯಲಾಗುತ್ತದೆ.

1825ರಲ್ಲಿ ರೋಗಪೀಡಿತರಾಗಿ ಊರಿಗೆ ಮರಳಿದ ಅವರು ಸ್ವಲ್ಪ ಚೇತರಿಸಿಕೊಂಡರೂ ಈ ತೊಂದರೆ ಜೀವನ ಪರ್ಯಂತ ಉಳಿಯಿತು. ಭಾರವಾದ ಕೆಲಸವನ್ನು ಬಿಟ್ಟು ಸಮಾಧಿ ಕಲ್ಲುಗಳ ಮೇಲೆ ಅಕ್ಷರ ಕೆತ್ತುವ ಕೆಲಸವನ್ನು ಕೈಗೊಂಡರು. ಬಿಡುವಿನ ವೇಳೆಯಲ್ಲಿ ಬರೆದ ಪದ್ಯಗಳನ್ನು 1829ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಪದ್ಯಗಳಿಗೆ ಹೆಚ್ಚಿನ ಮನ್ನಣೆ ದೊರೆಯಲಿಲ್ಲವಾದರೂ, ತಮ್ಮ ಶಕ್ತಿ ಗದ್ಯದಲ್ಲಿದೆ ಎಂಬ ಅರಿವು ಅವರಿಗೆ ಆಯಿತು.

ಹಳೆಯ ಕೆಂಪು ಮರಳುಗಲ್ಲು: ಭೂವೈಜ್ಞಾನಿಕ ಹಿನ್ನೆಲೆ

ಮಿಲ್ಲರ್‌ರವರ ಶೋಧದ ಮಹತ್ವವನ್ನು ತಿಳಿಯಲು ಆ ಸೀಮೆಯ ಬಂಡೆಗಳ ಪರಿಚಯ ಅಗತ್ಯ. ಬ್ರಿಟನ್ನಿನ ಭೂವಿಜ್ಞಾನಿಗಳು ಹಳೆಯ ಕೆಂಪು ಮರಳುಗಲ್ಲು ಎಂದು ಕರೆಯುವ ಈ ಶಿಲಾ ಸಮೂಹವು ಬಹುಮಟ್ಟಿಗೆ ಡೆವೋನಿಯನ್ ಕಾಲಕ್ಕೆ, ಅಂದರೆ ಈಗಿನ ಲೆಕ್ಕದಂತೆ ಸುಮಾರು 41.9 ಕೋಟಿಯಿಂದ 35.9 ಕೋಟಿ ವರ್ಷಗಳ ಹಿಂದಿನ ಅವಧಿಗೆ ಸೇರಿದೆ. ಆಗ ಸ್ಕಾಟ್ಲೆಂಡಿನ ನೆಲವು ಭೂಮಧ್ಯರೇಖೆಯ ದಕ್ಷಿಣಕ್ಕಿದ್ದ ಒಣ ಸೀಮೆಯಾಗಿತ್ತು. ಎತ್ತರದ ಪರ್ವತಗಳಿಂದ ಹರಿದು ಬಂದ ನದಿಗಳು ಜಲ್ಲಿ, ಮರಳು ಮತ್ತು ಮೆಕ್ಕಲನ್ನು ತಗ್ಗಿನಲ್ಲಿ ತಂದು ತುಂಬಿದವು. ಅವುಗಳಲ್ಲಿದ್ದ ಕಬ್ಬಿಣದ ಅಂಶವು ಗಾಳಿಯ ಸಂಪರ್ಕದಿಂದ ತುಕ್ಕು ಹಿಡಿದಂತೆ ಕೆಂಪಾಯಿತು. ಕಲ್ಲಿನ ಬಣ್ಣಕ್ಕೆ ಇದೇ ಕಾರಣ.

ಈಗಿನ ಕ್ರೊಮಾರ್ಟಿ, ಕೇತ್‌ನೆಸ್, ಆರ್ಕ್‌ನಿ ಮತ್ತು ಶೆಟ್‌ಲೆಂಡ್ ಪ್ರದೇಶಗಳನ್ನು ಒಳಗೊಂಡಂತೆ ಆಗ ವಿಶಾಲವಾದ ಸರೋವರವೊಂದಿತ್ತು. ಭೂವಿಜ್ಞಾನಿಗಳು ಅದನ್ನು ಆರ್ಕೇಡಿ ಸರೋವರ ಎಂದು ಕರೆಯುತ್ತಾರೆ. ಮಳೆಯ ಏರುಪೇರಿಗೆ ಅನುಗುಣವಾಗಿ ಅದರ ನೀರು ಕೆಲವೊಮ್ಮೆ ಆಳವಾಗಿ ಹರಡುತ್ತಿತ್ತು, ಕೆಲವೊಮ್ಮೆ ಬತ್ತಿ ಕೆಸರು ಬಿರುಕು ಬಿಡುತ್ತಿತ್ತು. ನೀರು ಆಳವಾಗಿದ್ದ ಕಾಲದಲ್ಲಿ ತಳದಲ್ಲಿ ಬಹಳ ತೆಳುವಾದ ಪದರಗಳು ಒಂದರ ಮೇಲೊಂದರಂತೆ ಕೂಡಿದವು. ಪಾಚಿ ಹೆಚ್ಚಾಗಿ ಬೆಳೆದ ಋತುವಿನಲ್ಲಿ ಸುಣ್ಣದ ಪದರ, ಪಾಚಿ ಸತ್ತು ಇಳಿದಾಗ ಕಪ್ಪು ಪದರ, ಹೊಳೆ ನೀರು ಬಂದಾಗ ಮೆಕ್ಕಲಿನ ಪದರ ಉಂಟಾಗುತ್ತಿದ್ದವು. ಈ ಮೂರೂ ಸೇರಿದರೂ ಸಾಮಾನ್ಯವಾಗಿ ಒಂದು ಮಿಲಿಮೀಟರಿನಷ್ಟು ದಪ್ಪವಿರುವುದಿಲ್ಲ.

ಸರೋವರದ ಆಳದ ನೀರಿನಲ್ಲಿ ಆಮ್ಲಜನಕವಿರಲಿಲ್ಲ. ಆದುದರಿಂದ ಸತ್ತು ತಳ ಸೇರಿದ ಮೀನನ್ನು ತಿನ್ನುವ ಜೀವಿಗಳಾಗಲಿ, ಕೆಸರನ್ನು ಕಲಕುವ ಹುಳುಗಳಾಗಲಿ ಅಲ್ಲಿ ಇರಲಿಲ್ಲ. ಮುಂದಿನ ಪದರವು ಮೀನನ್ನು ಮೆಲ್ಲಗೆ ಮುಚ್ಚುತ್ತಿತ್ತು. ಕೆಲವೆಡೆ ಕೊಳೆಯುವ ದೇಹದ ಸುತ್ತ ಸುಣ್ಣದ ಅಂಶ ಕೂಡಿಕೊಂಡು ಉಂಡೆಯಂತಹ ಗಟ್ಟಿ ಕಲ್ಲು ರೂಪುಗೊಂಡಿತು. ಇಂತಹ ಉಂಡೆಗಲ್ಲಿನೊಳಗೆ ಮೀನು ಮೇಲಿನ ಭಾರದಿಂದ ಪೂರ್ಣವಾಗಿ ಜಜ್ಜಿಹೋಗದೆ ಉಳಿಯಿತು. ಕೇತ್‌ನೆಸ್ ಪ್ರದೇಶದಲ್ಲಿ ಇದೇ ಕಾಲದ ಬಂಡೆಗಳು ನಮ್ಮ ಶಹಾಬಾದ್ ಕಲ್ಲಿನಂತೆ ಹಾಳೆ ಹಾಳೆಯಾಗಿ ಸೀಳುತ್ತವೆ. ಲಂಡನ್, ಎಡಿನ್‌ಬರ್ಗ್ ಮೊದಲಾದ ನಗರಗಳ ಕಾಲುದಾರಿಗಳಿಗೆ ಆ ಚಪ್ಪಡಿಗಳನ್ನು ಹಾಸಲಾಗುತ್ತಿತ್ತು.

ಮೀನುಗಳ ಶೋಧ

ಕೇತ್‌ನೆಸ್‌ನ ಚಪ್ಪಡಿಗಳಲ್ಲಿ ಮೀನಿನ ಪಳೆಯುಳಿಕೆಗಳಿರುವುದು 1820ರ ದಶಕದಲ್ಲಿಯೇ ವಿದ್ವಾಂಸರಿಗೆ ತಿಳಿದಿತ್ತು. ಆದರೂ ಹಳೆಯ ಕೆಂಪು ಮರಳುಗಲ್ಲು ಒಟ್ಟಾರೆಯಾಗಿ ಪಳೆಯುಳಿಕೆಗಳಿಲ್ಲದ ಬರಡು ಬಂಡೆ ಎಂಬ ಅಭಿಪ್ರಾಯವೇ ಪ್ರಚಲಿತವಾಗಿತ್ತು. 1830ರ ಸುಮಾರಿಗೆ ಮಿಲ್ಲರ್‌ರವರು ಕ್ರೊಮಾರ್ಟಿಯ ಪೂರ್ವಕ್ಕಿರುವ ಸಮುದ್ರ ತೀರದಲ್ಲಿ ಜೇಡುಶಿಲೆಯ ಪದರವೊಂದನ್ನು ಪರೀಕ್ಷಿಸುತ್ತಿದ್ದಾಗ, ಅದರಲ್ಲಿ ಸುಣ್ಣದ ಉಂಡೆಗಲ್ಲುಗಳನ್ನು ಕಂಡರು. ಸುತ್ತಿಗೆಯಿಂದ ಒಡೆದಾಗ ಅವುಗಳೊಳಗೆ ಹೊಳೆಯುವ ಹುರುಪೆ, ಮುಳ್ಳು ಮತ್ತು ಎಲುಬಿನ ಫಲಕಗಳು ಗೋಚರಿಸಿದವು.

ಅವುಗಳಲ್ಲಿ ಒಂದು ಪ್ರಾಣಿಯು ಅವರನ್ನು ಬಹುಕಾಲ ಚಿಂತೆಗೆ ಹಚ್ಚಿತು. ಸುಮಾರು ಒಂದು ಗೇಣು ಉದ್ದದ ಅದರ ಮುಂಭಾಗ ಆಮೆಯಂತೆ ಎಲುಬಿನ ಪೆಟ್ಟಿಗೆಯಿಂದ ಆವೃತವಾಗಿತ್ತು. ಹಿಂದೆ ಹುರುಪೆಯುಳ್ಳ ಬಾಲವಿತ್ತು. ಇಕ್ಕೆಲಗಳಲ್ಲಿ ರೆಕ್ಕೆಗಳಂತೆ ಚಾಚಿದ ಎರಡು ತೋಳುಗಳಿದ್ದವು. ಇದನ್ನು ಮೀನೆನ್ನಬೇಕೋ, ಆಮೆಯೆನ್ನಬೇಕೋ, ಏಡಿಯ ಜಾತಿಗೆ ಸೇರಿಸಬೇಕೋ ಎಂಬುದು ತಿಳಿಯಲಿಲ್ಲ. ಕೇಳಲು ಸಮೀಪದಲ್ಲಿ ತಜ್ಞರಿರಲಿಲ್ಲ, ನೋಡಲು ಗ್ರಂಥಾಲಯವಿರಲಿಲ್ಲ. ಅವರು ಮಾದರಿಯ ಮೇಲೆ ಮಾದರಿಯನ್ನು ಸಂಗ್ರಹಿಸಿದರು. ಒಂದರಲ್ಲಿ ಮುರಿದಿದ್ದ ಫಲಕವನ್ನು ಮತ್ತೊಂದರಲ್ಲಿ ಹುಡುಕಿ, ಕಲ್ಲು ಜೋಡಿಸುವ ಕೆಲಸಗಾರನ ತಾಳ್ಮೆಯಿಂದ ಪೂರ್ಣ ಆಕಾರವನ್ನು ಚಿತ್ರಿಸಿದರು. ಜೊತೆಗೆ, ಪ್ರತಿಯೊಂದು ಮಾದರಿಯೂ ಯಾವ ಪದರದಿಂದ ದೊರೆಯಿತು, ಆ ಪದರದ ಕೆಳಗೆ ಮತ್ತು ಮೇಲೆ ಯಾವ ಬಂಡೆಗಳಿವೆ ಎಂಬುದನ್ನೂ ಗಮನಿಸುತ್ತಿದ್ದರು.

ಅನೇಕ ಮೀನುಗಳ ದೇಹ ಬಾಗಿತ್ತು, ಈಜುರೆಕ್ಕೆಗಳು ಹರಡಿಕೊಂಡಿದ್ದವು. ಇವೆಲ್ಲವೂ ಯಾವುದೋ ವಿಪತ್ತಿನಲ್ಲಿ ಒಟ್ಟಿಗೆ ಸತ್ತಿರಬೇಕೆಂದು ಮಿಲ್ಲರ್‌ರವರು ತರ್ಕಿಸಿದರು. ಆ ನೀರನ್ನು ಅವರು ಸಮುದ್ರವೆಂದು ಭಾವಿಸಿದ್ದರು. ಅದು ಸರೋವರವಾಗಿತ್ತೆಂಬುದು ಅನಂತರದ ಸಂಶೋಧನೆಯಿಂದ ತಿಳಿದ ವಿಷಯ. ಆದರೆ ಸಾಮೂಹಿಕ ಸಾವು ಸಂಭವಿಸಿತ್ತೆಂಬ ಅವರ ಊಹೆಯನ್ನು ಈಗಿನ ಭೂವಿಜ್ಞಾನಿಗಳೂ ಒಪ್ಪುತ್ತಾರೆ. ಪಾಚಿ ಮಿತಿಮೀರಿ ಬೆಳೆದು ಕೊಳೆತಾಗ ನೀರಿನ ಆಮ್ಲಜನಕ ಕಡಿಮೆಯಾದುದು ಇದಕ್ಕೆ ಒಂದು ಕಾರಣವೆಂದು ಪರಿಗಣಿಸಲಾಗಿದೆ.

ವಿದ್ವಾಂಸರ ಮನ್ನಣೆ

ಮಿಲ್ಲರ್‌ರವರ ಶೋಧವು ಹೊರ ಜಗತ್ತನ್ನು ತಲುಪುವಲ್ಲಿ ಭಾರತದೊಡನೆ ಸಂಬಂಧವಿದ್ದ ವೈದ್ಯರೊಬ್ಬರು ನೆರವಾದರು. ಮದ್ರಾಸಿನ ವೈದ್ಯಕೀಯ ಸೇವೆಯಲ್ಲಿದ್ದ ಡಾ. ಜಾನ್ ಗ್ರಾಂಟ್ ಮಾಲ್ಕಮ್‌ಸನ್‌ರವರು ದಖ್ಖನ್ನಿನ ಕಪ್ಪು ಬಸಾಲ್ಟ್ ಬಂಡೆಗಳ ನಡುವೆ ಸಿಕ್ಕುವ ಸಿಹಿನೀರಿನ ಚಿಪ್ಪುಗಳ ಪಳೆಯುಳಿಕೆಗಳನ್ನು ವಿವರಿಸಿದವರು. 1830ರ ದಶಕದ ಕೊನೆಯ ಭಾಗದಲ್ಲಿ ಸ್ವದೇಶಕ್ಕೆ ಬಂದಿದ್ದಾಗ ಅವರು ಮಿಲ್ಲರ್‌ರವರ ಸಂಗ್ರಹವನ್ನು ನೋಡಿ ಅದರ ಬೆಲೆಯನ್ನು ಗುರುತಿಸಿದರು. ರೆಕ್ಕೆಯಂತಹ ತೋಳುಗಳಿದ್ದ ಪ್ರಾಣಿಯ ಚಿತ್ರವು ಅವರ ಮೂಲಕ ಯುರೋಪಿನ ಪ್ರಸಿದ್ಧ ಮೀನುತಜ್ಞ ಲೂಯಿ ಅಗಸ್ಸಿ ಅವರಿಗೆ ತಲುಪಿತು. ಭೂವಿಜ್ಞಾನಿ ರಾಡರಿಕ್ ಮರ್ಚಿಸನ್‌ರವರಿಗೂ ಮಿಲ್ಲರ್‌ರವರು ಪತ್ರ ಬರೆದರು. ಇದು ಮೀನೋ ಅಥವಾ ಏಡಿಯಂತಹ ಕವಚಪ್ರಾಣಿಯೋ ಎಂದು ತೀರ್ಮಾನಿಸುವುದು ವಿದ್ವಾಂಸರಿಗೂ ಮೊದಲು ಸುಲಭವಾಗಲಿಲ್ಲ.

1840ರ ಸೆಪ್ಟೆಂಬರ್ ತಿಂಗಳಲ್ಲಿ ಗ್ಲಾಸ್ಗೋ ನಗರದಲ್ಲಿ ನಡೆದ ಬ್ರಿಟಿಷ್ ವಿಜ್ಞಾನ ಸಂಘದ ಅಧಿವೇಶನದಲ್ಲಿ ಈ ಮೀನುಗಳು ಚರ್ಚೆಯ ವಿಷಯವಾದವು. ಅಗಸ್ಸಿ ಅವರು ರೆಕ್ಕೆಯುಳ್ಳ ಮೀನಿಗೆ ಟೆರಿಕ್ತಿಸ್ ಮಿಲ್ಲೆರಿ ಎಂದು ಹೆಸರಿಟ್ಟು ಶೋಧಕರನ್ನು ಗೌರವಿಸಿದರು. ಇಂದು ಅದನ್ನು ಟೆರಿಕ್ತಿಯೋಡಿಸ್ ಮಿಲ್ಲೆರಿ ಎಂದು ಕರೆಯಲಾಗುತ್ತದೆ. ಇದು ಕವಚಧಾರಿ ಮೀನುಗಳಾದ ಪ್ಲಾಕೋಡರ್ಮ್ ಗುಂಪಿಗೆ ಸೇರಿದೆ. ಕ್ರೊಮಾರ್ಟಿಯಲ್ಲಿ ದೊರೆತ ಮತ್ತೊಂದು ಕವಚಧಾರಿ ಮೀನು ಕಾಕೋಸ್ಟಿಯಸ್. ಅದಕ್ಕೆ ನಿಜವಾದ ಹಲ್ಲುಗಳಿರದೆ, ದವಡೆಯ ಎಲುಬಿನ ಅಂಚುಗಳೇ ಕತ್ತರಿಯಂತೆ ಕೆಲಸ ಮಾಡುತ್ತಿದ್ದವು. ಅಗಸ್ಸಿ ಅವರು 1844–45ರಲ್ಲಿ ಈ ಶಿಲಾ ಸಮೂಹದ ಮೀನುಗಳ ಕುರಿತು ಪ್ರತ್ಯೇಕ ಗ್ರಂಥವನ್ನೇ ಪ್ರಕಟಿಸಿದರು.

ಪತ್ರಿಕಾ ಸಂಪಾದಕರಾಗಿ

ಈ ನಡುವೆ ಮಿಲ್ಲರ್‌ರವರ ಜೀವನೋಪಾಯ ಬದಲಾಗಿತ್ತು. 1834ರಲ್ಲಿ ಅವರು ಕಲ್ಲು ಕೆಲಸವನ್ನು ತ್ಯಜಿಸಿ ಕ್ರೊಮಾರ್ಟಿಯ ಬ್ಯಾಂಕಿನಲ್ಲಿ ಲೆಕ್ಕಿಗರಾದರು. 1837ರ ಜನವರಿಯಲ್ಲಿ ಲಿಡಿಯಾ ಫ್ರೇಸರ್ ಎಂಬ ವಿದ್ಯಾವಂತ ಮಹಿಳೆಯನ್ನು ವಿವಾಹವಾದರು. ಅವರ ಮೊದಲ ಮಗಳು ಎಲೈಜಾ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡಳು. ಆ ಮಗುವಿನ ಸಮಾಧಿ ಕಲ್ಲನ್ನು ತಂದೆಯೇ ಕೆತ್ತಿದರು. ಅವರು ಉಳಿ ಹಿಡಿದು ಕೆತ್ತಿದ ಕೊನೆಯ ಕಲ್ಲು ಅದು.

ಸ್ಕಾಟ್ಲೆಂಡಿನ ಚರ್ಚುಗಳಲ್ಲಿ ಪಾದ್ರಿಯನ್ನು ನೇಮಿಸುವ ಹಕ್ಕು ಜಮೀನುದಾರರಿಗಿರಬೇಕೋ ಅಥವಾ ಸಭೆಯ ಜನರಿಗಿರಬೇಕೋ ಎಂಬ ವಿವಾದ ಆಗ ತೀವ್ರವಾಗಿತ್ತು. ಜನರ ಪರವಾಗಿ 1839ರಲ್ಲಿ ಮಿಲ್ಲರ್‌ರವರು ಬರೆದ ಬಹಿರಂಗ ಪತ್ರ ಎಲ್ಲರ ಗಮನ ಸೆಳೆಯಿತು. ಅದರ ಫಲವಾಗಿ 1840ರ ಜನವರಿಯಲ್ಲಿ ಎಡಿನ್‌ಬರ್ಗಿನಲ್ಲಿ ಆರಂಭವಾದ, ವಾರಕ್ಕೆ ಎರಡು ಬಾರಿ ಪ್ರಕಟವಾಗುವ ದಿ ವಿಟ್ನೆಸ್ ಪತ್ರಿಕೆಗೆ ಅವರು ಸಂಪಾದಕರಾದರು. ವಿವಾದವು 1843ರಲ್ಲಿ ಸ್ವತಂತ್ರ ಚರ್ಚಿನ ಸ್ಥಾಪನೆಯೊಂದಿಗೆ ಕೊನೆಗೊಂಡಿತು. ಉತ್ತರದ ಬೆಟ್ಟದ ಸೀಮೆಯಲ್ಲಿ ಕುರಿ ಸಾಕಣೆಗಾಗಿ ಬಡ ಒಕ್ಕಲುಗಳನ್ನು ತೆರವುಗೊಳಿಸಿದ ಕ್ರಮವನ್ನೂ ಅವರು ಪತ್ರಿಕೆಯಲ್ಲಿ ಖಂಡಿಸಿದರು.

ಅದೇ ಪತ್ರಿಕೆಯಲ್ಲಿ 1840ರಲ್ಲಿ ಅವರು ಹಳೆಯ ಕೆಂಪು ಮರಳುಗಲ್ಲಿನ ಕುರಿತು ಲೇಖನಮಾಲೆಯನ್ನು ಪ್ರಕಟಿಸಿದರು. 1841ರಲ್ಲಿ ಅದು ಪುಸ್ತಕ ರೂಪದಲ್ಲಿ ಹೊರಬಂದಿತು. ದುಡಿಯುವ ಯುವಕರು ಬಿಡುವನ್ನು ವ್ಯರ್ಥ ಮಾಡದೆ ತಮ್ಮ ಸುತ್ತಲಿನ ವಸ್ತುಗಳನ್ನು ಗಮನವಿಟ್ಟು ನೋಡಬೇಕೆಂಬ ಹಿತವಚನದೊಂದಿಗೆ ಆ ಪುಸ್ತಕ ಆರಂಭವಾಗುತ್ತದೆ. ಭೂವಿಜ್ಞಾನವನ್ನು ಜನಸಾಮಾನ್ಯರಿಗೆ ತಲುಪಿಸಿದ ಕೃತಿಗಳಲ್ಲಿ ಇದಕ್ಕೆ ಗಣ್ಯ ಸ್ಥಾನವಿದೆ.

ಮೀನುಗಳು ಎಬ್ಬಿಸಿದ ಪ್ರಶ್ನೆ

ಒಂದು ಜೀವಿಯಿಂದ ಮತ್ತೊಂದು ಜೀವಿ ಕ್ರಮೇಣ ರೂಪುಗೊಂಡಿತೆಂಬ ವಾದವನ್ನು ಮಂಡಿಸಿದ, ಲೇಖಕರ ಹೆಸರಿಲ್ಲದ ಪುಸ್ತಕವೊಂದು 1844ರಲ್ಲಿ ಪ್ರಕಟವಾಗಿ ಬ್ರಿಟನ್ನಿನಲ್ಲಿ ಕೋಲಾಹಲವೆಬ್ಬಿಸಿತು. ಮಿಲ್ಲರ್‌ರವರು ಭೂಮಿಯ ಅಪಾರ ಪ್ರಾಚೀನತೆಯನ್ನು ಸಂಪೂರ್ಣವಾಗಿ ಒಪ್ಪಿದ್ದರು. ಬೈಬಲ್ಲಿನ ಸೃಷ್ಟಿಯ ದಿನಗಳನ್ನು ದೀರ್ಘ ಯುಗಗಳೆಂದು ಅರ್ಥೈಸುತ್ತಿದ್ದರು. ಆದರೆ ಜೀವಿಗಳ ರೂಪಾಂತರವನ್ನು ಅವರು ಒಪ್ಪಲಿಲ್ಲ. 1849ರಲ್ಲಿ ಬರೆದ ಉತ್ತರ ರೂಪದ ಕೃತಿಯಲ್ಲಿ ಅವರು ಆರ್ಕ್‌ನಿ ದ್ವೀಪದ ಸ್ಟ್ರಾಮ್‌ನೆಸ್ ಬಳಿ ದೊರೆತ ಭಾರಿ ಗಾತ್ರದ ಮೀನನ್ನು ಸಾಕ್ಷ್ಯವಾಗಿ ಮುಂದಿಟ್ಟರು. ಅಷ್ಟು ಹಳೆಯ ಪದರದಲ್ಲಿ ಅಷ್ಟು ದೊಡ್ಡ, ಸುಸಂಘಟಿತ ಮೀನಿರುವಾಗ ಕೆಳಮಟ್ಟದಿಂದ ಮೇಲ್ಮಟ್ಟಕ್ಕೆ ಏರಿಕೆಯಾಯಿತೆಂಬ ವಾದ ನಿಲ್ಲದೆಂಬುದು ಅವರ ನಿಲುವಾಗಿತ್ತು. ಈ ಕೃತಿಗೆ ಬೇಕಾದ ಪಳೆಯುಳಿಕೆಗಳನ್ನು ಒದಗಿಸಿದವರಲ್ಲಿ ಥರ್ಸೊ ಪಟ್ಟಣದ ರಾಬರ್ಟ್ ಡಿಕ್ ಪ್ರಮುಖರು. ಅವರು ರೊಟ್ಟಿ ಸುಡುವ ವೃತ್ತಿಯವರಾಗಿದ್ದು, ಬಿಡುವಿನಲ್ಲಿ ಕೇತ್‌ನೆಸ್‌ನ ಬಂಡೆಗಳನ್ನು ಶೋಧಿಸುತ್ತಿದ್ದರು.

ಈ ವಿಷಯದಲ್ಲಿ ಮಿಲ್ಲರ್‌ರವರ ತೀರ್ಮಾನವು ಕಾಲದ ಪರೀಕ್ಷೆಯಲ್ಲಿ ಉಳಿಯಲಿಲ್ಲ. ಅವರು ನಿಧನರಾದ ಮೂರು ವರ್ಷಗಳ ನಂತರ, 1859ರಲ್ಲಿ, ಚಾರ್ಲ್ಸ್ ಡಾರ್ವಿನ್‌ರವರ ಗ್ರಂಥ ಪ್ರಕಟವಾಯಿತು. ದವಡೆಯುಳ್ಳ ಪ್ರಾಣಿಗಳ ಆರಂಭಿಕ ಇತಿಹಾಸವನ್ನು ತಿಳಿಯಲು ಕವಚಧಾರಿ ಮೀನುಗಳು ಇಂದು ನೆರವಾಗುತ್ತಿವೆ. ಅದೇ ಪದರಗಳ ಆಸ್ಟಿಯೋಲೆಪಿಸ್ ಎಂಬ ಮೀನು, ನೆಲದ ಮೇಲೆ ನಡೆಯುವ ನಾಲ್ಕು ಕಾಲಿನ ಪ್ರಾಣಿಗಳ ಪೂರ್ವಜರಿಗೆ ಹತ್ತಿರದ ಗುಂಪಿಗೆ ಸೇರಿದೆ. ವಿಕಾಸವಾದವನ್ನು ನಿರಾಕರಿಸಲು ಬಳಸಿದ ಮೀನುಗಳೇ ಅದಕ್ಕೆ ಆಧಾರಗಳಾದವು. ಆದರೆ ಮಿಲ್ಲರ್‌ರವರು ಪದರಗಳನ್ನೂ ಮಾದರಿಗಳನ್ನೂ ನಿಷ್ಠೆಯಿಂದ ವಿವರಿಸಿದ್ದರಿಂದ, ಅವರ ತೀರ್ಮಾನ ಬದಿಗೆ ಸರಿದರೂ ಅವರ ಅವಲೋಕನಗಳು ಉಪಯುಕ್ತವಾಗಿಯೇ ಉಳಿದವು.

ಕೊನೆಯ ದಿನಗಳು

ಪತ್ರಿಕೆಯ ನಿರಂತರ ಕೆಲಸ, ಶ್ವಾಸಕೋಶದ ಹಳೆಯ ಬಾಧೆ ಮತ್ತು ತಲೆನೋವಿನಿಂದ ಅವರ ಆರೋಗ್ಯ ಕುಸಿಯಿತು. 1856ರ ಅಂತ್ಯದಲ್ಲಿ ಭಯಾನಕ ಕನಸುಗಳು ಮತ್ತು ಭ್ರಮೆಗಳು ಅವರನ್ನು ಕಾಡಿದವು. ಬುದ್ಧಿ ಸ್ಥಿಮಿತ ತಪ್ಪುವುದೆಂಬ ಭೀತಿ ಆವರಿಸಿತು. ಡಿಸೆಂಬರ್ 23ರ ರಾತ್ರಿ ಕಳೆದು 24ರ ಬೆಳಗಾಗುವ ಮುನ್ನ, ತೀವ್ರ ಮಾನಸಿಕ ಯಾತನೆಯಲ್ಲಿ ಅವರು ತಮ್ಮ ಬದುಕನ್ನು ತಾವೇ ಕೊನೆಗೊಳಿಸಿಕೊಂಡರು. ಆಗ ಅವರಿಗೆ 54 ವರ್ಷ. ವಿಜ್ಞಾನಕ್ಕೂ ಧರ್ಮಶ್ರದ್ಧೆಗೂ ನಡುವಿನ ಸಂಘರ್ಷವೇ ಇದಕ್ಕೆ ಕಾರಣವೆಂದು ಕೆಲವರು ಬಗೆದುದುಂಟು. ಆದರೆ ಆ ದಿನಗಳಲ್ಲಿ ಅವರು ಮುದ್ರಣಕ್ಕೆ ಸಿದ್ಧಪಡಿಸುತ್ತಿದ್ದ ದಿ ಟೆಸ್ಟಿಮನಿ ಆಫ್ ದಿ ರಾಕ್ಸ್ ಕೃತಿಯು ಇವೆರಡೂ ಪರಸ್ಪರ ಹೊಂದುತ್ತವೆ ಎಂಬ ನಂಬಿಕೆಯಿಂದಲೇ ರಚಿತವಾದುದು. ಎಡಿನ್‌ಬರ್ಗಿನ ಗ್ರೇಂಜ್ ಸ್ಮಶಾನದಲ್ಲಿ ಅವರ ಅಂತ್ಯಸಂಸ್ಕಾರ ನೆರವೇರಿತು.

ಪತ್ನಿ ಲಿಡಿಯಾರವರು ಉಳಿದ ಬರಹಗಳನ್ನು ಪರಿಷ್ಕರಿಸಿ ಪ್ರಕಟಿಸುವಲ್ಲಿ ಶ್ರಮಿಸಿದರು. ತಂದೆಯ ಹೆಸರನ್ನೇ ಹೊಂದಿದ್ದ ಮಗ ಹ್ಯೂ ಮಿಲ್ಲರ್‌ರವರು ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿದರು.

ಕೊಡುಗೆ ಮತ್ತು ಸ್ಮಾರಕಗಳು

ಮಿಲ್ಲರ್‌ರವರು ಸಂಗ್ರಹಿಸಿದ 6,000ಕ್ಕೂ ಹೆಚ್ಚು ಪಳೆಯುಳಿಕೆಗಳು ಎಡಿನ್‌ಬರ್ಗಿನ ರಾಷ್ಟ್ರೀಯ ವಸ್ತು ಸಂಗ್ರಹಾಲಯಕ್ಕೆ ಸೇರಿವೆ. ಕ್ರೊಮಾರ್ಟಿಯಲ್ಲಿ ಅವರ ಪ್ರತಿಮೆಯುಳ್ಳ ಎತ್ತರದ ಸ್ತಂಭವಿದೆ. ಅವರು ಜನಿಸಿದ ಮನೆಯನ್ನು ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಸಂಸ್ಥೆಯು ಸಂರಕ್ಷಿಸಿ ವಸ್ತು ಸಂಗ್ರಹಾಲಯವಾಗಿ ನಿರ್ವಹಿಸುತ್ತಿದೆ.

ಹಳೆಯ ಕೆಂಪು ಮರಳುಗಲ್ಲು ಮಿಲ್ಲರ್‌ರವರಿಗೆ ಮೊದಲು ಕೂಲಿ ನೀಡಿತು, ಅನಂತರ ಕೀರ್ತಿ ನೀಡಿತು. ಅದೇ ಜಾತಿಯ ಕಲ್ಲಿನ ಧೂಳು ಅವರ ಆರೋಗ್ಯವನ್ನು ಕಸಿದುಕೊಂಡಿತು. ಕಟ್ಟಡಕ್ಕೆ ಬೇಕಾದ ಸಾಮಗ್ರಿಯೆಂದು ಇತರರು ಕಂಡ ಬಂಡೆಯನ್ನು ಅವರು ಭೂಮಿಯ ದಾಖಲೆಯೆಂದು ಕಂಡರು. ಪದರದಿಂದ ಬೇರ್ಪಟ್ಟು, ಸ್ಥಳದ ಗುರುತಿಲ್ಲದೆ ಉಳಿದ ಪಳೆಯುಳಿಕೆಯು ಪುಸ್ತಕದಿಂದ ಹರಿದ ಹಾಳೆಯಂತೆ. ಯಾವ ಅಧ್ಯಾಯಕ್ಕೆ ಸೇರಿದ್ದೆಂದು ಹೇಳಲಾಗದು. ಕ್ರೊಮಾರ್ಟಿಯ ದಡದಲ್ಲಿ ಕಲ್ಲುಕುಟಿಗನೊಬ್ಬ ಪ್ರತಿ ಮೀನಿನ ಜೊತೆಗೆ ಅದರ ಪದರವನ್ನೂ ಗುರುತಿಟ್ಟುಕೊಂಡಿದ್ದರಿಂದಲೇ ಆ ಮೀನುಗಳು ಇಂದಿಗೂ ತಮ್ಮ ಕಾಲವನ್ನು ತಿಳಿಸುತ್ತಿವೆ.